ಬಾವುಟ, ನೆರಳು, ನಕ್ಷತ್ರ: ಒಂದು ಶಾಲೆಯ ‘ಚಂದ್ರನ ಮೇಲೆ ಯಾರೂ ಇಳಿದಿಲ್ಲ’ ಪ್ರಕರಣ

ಹಿನ್ನೆಲೆ

ಚಿಕ್ಕಬಳ್ಳಾಪುರ ಜಿಲ್ಲೆ, ಗೌರಿಬಿದನೂರು ತಾಲ್ಲೂಕಿನ ಒಂದು ಪ್ರೌಢಶಾಲೆ. ಊರು, ಶಿಕ್ಷಕರು, ಮಕ್ಕಳು ಯಾರ ಹೆಸರೂ ಇಲ್ಲಿ ಬೇಡ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನೂ ಬದಲಿಸಲಾಗಿದೆ. ಒಂಬತ್ತನೇ ತರಗತಿಯಲ್ಲಿ ನಲವತ್ತರ ಆಸುಪಾಸು ಮಕ್ಕಳು. ಅರ್ಧದಷ್ಟು ಮನೆಗಳಲ್ಲಿ ತೆಲುಗು ಮಾತು, ಶಾಲೆಯಲ್ಲಿ ಕನ್ನಡ, ಅಪ್ಪನ ಮೊಬೈಲು ಕೈಗೆ ಸಿಕ್ಕಾಗ ಎರಡರ ಜೊತೆಗೆ ಹಿಂದಿಯೂ ಸೇರುತ್ತದೆ.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದದ್ದನ್ನು ಮಕ್ಕಳು ಶಾಲೆಯ ಟಿ.ವಿ.ಯಲ್ಲೇ ನೋಡಿ ಕೇಕೆ ಹಾಕಿದ್ದರು. ಒಂದು ವಾರ ಕಳೆಯುವಷ್ಟರಲ್ಲಿ ವಿಜ್ಞಾನದ ಪಿರಿಯಡ್ಡಿನಲ್ಲಿ ಒಬ್ಬ ಹುಡುಗ ಎದ್ದು ನಿಂತ. ವಾದ ಮಾಡುವ ಚಟಕ್ಕೆ ತರಗತಿಯವರು ಅವನನ್ನು ‘ಲಾಯರ್’ ಎಂದೇ ಕರೆಯುತ್ತಿದ್ದರು. ಇಲ್ಲೂ ಅದೇ ಹೆಸರಿರಲಿ.

“ಸಾರ್, ನಮ್ಮೋರು 2019ರಲ್ಲಿ ಇಳಿಸೋಕೆ ಹೋಗಿ ಬೀಳಿಸಿದ್ರು. ಈಗ ಇಷ್ಟ್ ಕಷ್ಟಪಟ್ಟು ಇಳಿಸವ್ರೆ. ಅಮೆರಿಕದೋರು 1969ರಲ್ಲೇ ಮನುಷ್ಯರ್ನ ಇಳ್ಸಿ ವಾಪಸ್ ಕರ್ಕೊಂಬಂದ್ರು ಅಂದ್ರೆ ಹೆಂಗ್ ಸಾರ್ ನಂಬೋದು? ಆವಾಗ ಕಂಪ್ಯೂಟರೇ ಇರ್ಲಿಲ್ವಲ್ಲ?”

ಪ್ರಶ್ನೆ ಸೊಗಸಾಗಿತ್ತು, ಉತ್ತರವೂ ಇತ್ತು. ಅಮೆರಿಕದವರು ಚಂದ್ರನಿಗೆ ಹೋದ ಅಪೊಲೊ ನೌಕೆಯಲ್ಲಿ ಕಂಪ್ಯೂಟರ್ ಇತ್ತು. ಅದರ ಕಾಯಂ ಸ್ಮೃತಿ ಸುಮಾರು 72 ಕೆ.ಬಿ., ತಾತ್ಕಾಲಿಕ ಸ್ಮೃತಿ 4 ಕೆ.ಬಿ. ಅದಕ್ಕಿಂತ ಮುಖ್ಯವಾಗಿ ಒಳಗೆ ಮನುಷ್ಯರಿದ್ದರು. ಇಳಿಯುವ ಜಾಗದಲ್ಲಿ ಬಂಡೆಗಳು ಕಂಡಾಗ ನೀಲ್ ಆರ್ಮ್‌ಸ್ಟ್ರಾಂಗ್ ಹಿಡಿತ ತಮ್ಮ ಕೈಗೆ ತೆಗೆದುಕೊಂಡು ಮುಂದಕ್ಕೆ ಹಾರಿಸಿ ಇಳಿಸಿದರು; ಆಗ ಉಳಿದಿದ್ದ ಇಂಧನ ಒಂದು ನಿಮಿಷಕ್ಕೂ ಸಾಲುವಂತಿರಲಿಲ್ಲ. ಚಂದ್ರಯಾನದ ಇಳಿನೌಕೆ ವಿಕ್ರಮ್‌ನಲ್ಲಿ ಯಾರೂ ಇರಲಿಲ್ಲ, ಎಲ್ಲವನ್ನೂ ಯಂತ್ರವೇ ನಿರ್ಧರಿಸಬೇಕಿತ್ತು. ದುಡ್ಡಿನ ಮಾತು ಬೇರೆ: ಅಪೊಲೊ ಉಚ್ಛ್ರಾಯದ ವರ್ಷಗಳಲ್ಲಿ ಅಮೆರಿಕ ತನ್ನ ಕೇಂದ್ರ ಬಜೆಟ್ಟಿನ ನೂರಕ್ಕೆ ನಾಲ್ಕರಷ್ಟನ್ನು ನಾಸಾಕ್ಕೆ ಸುರಿಯುತ್ತಿತ್ತು. ಮನುಷ್ಯರಿಲ್ಲದೆ ಮೆತ್ತಗೆ ಇಳಿಸುವ ಕೆಲಸವನ್ನು ಸೋವಿಯತ್ ಒಕ್ಕೂಟದ ಲೂನಾ-9, ಅಮೆರಿಕದ ಸರ್ವೇಯರ್-1 ಎರಡೂ 1966ರಲ್ಲೇ ಮಾಡಿ ಮುಗಿಸಿದ್ದವು.

ಆದರೆ ವಿಜ್ಞಾನದ ಮೇಷ್ಟ್ರು ಅಂದು ಹೇಳಿದ್ದು ಒಂದೇ ಮಾತು: “ಅದೆಲ್ಲಾ ವಾಟ್ಸಾಪ್ ಕಥೆ, ಕೂತ್ಕೊಳ್ಳೋ.” ಲಾಯರ್ ಕೂತ. ಆ ದಿನ ಐದು ನಿಮಿಷದಲ್ಲಿ ಮುಗಿಯುತ್ತಿದ್ದದ್ದು ಆರು ತಿಂಗಳು ಎಳೆಯಿತು.

ಹುಳುಕು ಎಲ್ಲಿತ್ತು

ಮಕ್ಕಳ ಬಾಯಲ್ಲಿ ಓಡಾಡುತ್ತಿದ್ದ ಆಕ್ಷೇಪಗಳು ಹೊಸವಲ್ಲ. ರಾಕೆಟ್ ಎಂಜಿನ್ ಕಂಪನಿಯೊಂದರಲ್ಲಿ ತಾಂತ್ರಿಕ ಬರಹಗಾರನಾಗಿದ್ದು 1963ರಲ್ಲೇ ಕೆಲಸ ಬಿಟ್ಟಿದ್ದ ಬಿಲ್ ಕೇಸಿಂಗ್ ಎಂಬಾತ 1976ರಲ್ಲಿ ಸ್ವಂತವಾಗಿ ಅಚ್ಚು ಹಾಕಿಸಿದ ಪುಸ್ತಕದಿಂದ ಈ ವಾದ ಜನರ ನಡುವೆ ಬೇರುಬಿಟ್ಟಿತು. 2001ರಲ್ಲಿ ಅಮೆರಿಕದ ಟಿ.ವಿ. ಕಾರ್ಯಕ್ರಮವೊಂದು ಅದಕ್ಕೆ ಮರುಜೀವ ಕೊಟ್ಟಿತು. ಈಗ ಅದನ್ನೇ ನಲವತ್ತು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಮೇಲೆ ತೆಲುಗಿನಲ್ಲೋ ಹಿಂದಿಯಲ್ಲೋ ಮಾತು ಹಾಕಿ ಬಿಡುತ್ತಿದ್ದಾರೆ. ಗಾಳಿಯಿಲ್ಲದೆ ಬಾವುಟ ಅಲ್ಲಾಡಿತು ಹೇಗೆ? ಆಕಾಶದಲ್ಲಿ ಒಂದು ನಕ್ಷತ್ರವೂ ಇಲ್ಲವಲ್ಲ? ನೆರಳುಗಳು ಬೇರೆ ಬೇರೆ ದಿಕ್ಕಿಗೆ ಬಿದ್ದಿವೆಯಲ್ಲ? ಮೂಲ ಟೇಪು ಎಲ್ಲಿ? ಮತ್ತೆ ಯಾಕೆ ಹೋಗಲಿಲ್ಲ?

ಇವುಗಳಲ್ಲಿ ಟೇಪಿನ ಪ್ರಶ್ನೆಗೆ ಆಧಾರವಿದೆ ಎಂಬುದನ್ನು ಗಮನಿಸಬೇಕು. ಅಪೊಲೊ 11ರ ಟಿ.ವಿ. ಸಂಕೇತ ಮೊದಲು ದಾಖಲಾಗಿದ್ದ ಮೂಲ ಟೇಪುಗಳನ್ನು ಆಮೇಲೆ ಅಳಿಸಿ ಬೇರೆ ಕೆಲಸಕ್ಕೆ ಬಳಸಿರುವ ಸಂಭವವೇ ಹೆಚ್ಚು ಎಂದು 2009ರಲ್ಲಿ ನಾಸಾ ತಾನೇ ಹೇಳಿದೆ. ಪ್ರಸಾರವಾದ ಪ್ರತಿಗಳು ಉಳಿದಿವೆ, ಅವನ್ನೇ ಶುಚಿಗೊಳಿಸಿ ಮತ್ತೆ ಬಿಡುಗಡೆ ಮಾಡಲಾಯಿತು. ಇಂಥ ನಿಜವನ್ನು ಶಿಕ್ಷಕರು ತಾವಾಗಿ ಮೊದಲೇ ಹೇಳಿಬಿಟ್ಟರೆ ಅದು ಬರೀ ಮಾಹಿತಿಯಾಗಿ ಉಳಿಯುತ್ತದೆ. ಹುಡುಗರೇ ಹುಡುಕಿ ತಂದರೆ ಅದೇ ‘ಬಯಲಾದ ಗುಟ್ಟು’ ಆಗುತ್ತದೆ. ಈ ಶಾಲೆಯಲ್ಲಿ ಆದದ್ದು ಎರಡನೆಯದು.

ಮೊದಲ ಪ್ರಯತ್ನ: ಚರ್ಚಾಸ್ಪರ್ಧೆ

ಸೆಪ್ಟೆಂಬರಿನಲ್ಲಿ ಶಾಲೆಯವರು ಚರ್ಚಾಸ್ಪರ್ಧೆ ಇಟ್ಟರು. ವಿಷಯ, ‘ಮಾನವ ಚಂದ್ರನ ಮೇಲೆ ಕಾಲಿಟ್ಟದ್ದು ನಿಜವೇ?’ ಪರ ನಾಲ್ವರು, ವಿರೋಧ ನಾಲ್ವರು, ತಲೆಗೆ ಮೂರು ನಿಮಿಷ, ಕೊನೆಗೆ ಕೈ ಎತ್ತಿಸಿ ತೀರ್ಮಾನ. ಇಡೀ ಪ್ರಕರಣದ ಅತಿ ದೊಡ್ಡ ತಪ್ಪು ಇದೇ.

ಮೂರು ನಿಮಿಷದಲ್ಲಿ ಹತ್ತು ಅನುಮಾನ ಎಸೆಯಬಹುದು. ಒಂದು ಅನುಮಾನವನ್ನು ಬಿಡಿಸಲಿಕ್ಕೆ ಮೂರು ನಿಮಿಷ ಸಾಲದು. ಪರ ಮಾತಾಡಿದವರು ಪುಸ್ತಕ ನೋಡಿ ಉರು ಹೊಡೆದ ತಾರೀಖುಗಳನ್ನು ಒಪ್ಪಿಸಿದರು. ವಿರೋಧದವರು ಬೋರ್ಡಿನ ಮೇಲೆ ಬಾವುಟದ ಚಿತ್ರ ಬರೆದು “ಗಾಳಿ ಎಲ್ಲಿಂದ ಬಂತು?” ಎಂದು ಕೇಳಿ ಕೂತರು. ಲಾಯರ್ ಕೊನೆಗೆ ಎದ್ದು ಇದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರನ್ನು ಎಳೆದು ತಂದ. ಪವಾಡಗಳನ್ನು ಪರೀಕ್ಷೆ ಮಾಡಲು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಿತಿ ರಚಿಸಿದ ಅವರು ಪ್ರಶ್ನೆ ಕೇಳದೆ ಏನನ್ನೂ ಒಪ್ಪಬಾರದೆಂದು ಹೇಳಿದವರು, ನಾವು ಮಾಡುತ್ತಿರುವುದೂ ಅದನ್ನೇ ಎಂದ. ಚಪ್ಪಾಳೆಯೋ ಚಪ್ಪಾಳೆ. ಕೈ ಎತ್ತಿಸಿದಾಗ ಮುಕ್ಕಾಲು ತರಗತಿ ‘ಹೋಗಿಲ್ಲ’ ಎಂದಿತು. ಅಲ್ಲಿಯವರೆಗೆ ಅತ್ತಿತ್ತ ಇದ್ದ ಮಕ್ಕಳೂ ಅಂದಿನಿಂದ ಒಂದು ಪಕ್ಷವಾದರು. ಕೈ ಎತ್ತಿ ಒಂದು ಸಲ ಒಂದು ಕಡೆ ನಿಂತ ಹದಿನಾಲ್ಕರ ಹುಡುಗ ಸ್ನೇಹಿತರೆದುರು ಆ ಕೈಯನ್ನು ಸುಲಭಕ್ಕೆ ಇಳಿಸುವುದಿಲ್ಲ.

ನರಸಿಂಹಯ್ಯನವರನ್ನು ಎಳೆದು ತಂದದ್ದು ಅರ್ಧ ಮಾತ್ರ ಸರಿ. ಅವರ ಸಮಿತಿ ಪ್ರಶ್ನೆ ಕೇಳಿ ಸುಮ್ಮನಾಗುವುದಕ್ಕೆ ಹುಟ್ಟಿದ್ದಲ್ಲ, ಪರೀಕ್ಷೆಗೆ ಕೂರಿಸುವುದಕ್ಕೆ ಹುಟ್ಟಿದ್ದು. ಈ ಇನ್ನರ್ಧವನ್ನು ಅಂದು ಯಾರೂ ಹೇಳಲಿಲ್ಲ.

ಎರಡನೆಯದು: ತುರುಪು ಎಲೆ ತಿರುಗಿ ಬಿದ್ದದ್ದು

ದಸರಾ ರಜೆ ಮುಗಿದ ಮೇಲೆ ಮೇಷ್ಟ್ರು ಸಿದ್ಧತೆ ಮಾಡಿಕೊಂಡು ಬಂದು ಒಂದು ಗಂಟೆ ಸ್ಲೈಡ್ ತೋರಿಸಿದರು. ಕೊನೆಯ ಸ್ಲೈಡು ಲೇಸರ್ ಪ್ರತಿಫಲಕದ್ದು. ಅಪೊಲೊ 11, 14, 15ರವರು ಚಂದ್ರನ ಮೇಲೆ ಇಟ್ಟು ಬಂದ ಈ ಪ್ರತಿಫಲಕಗಳಿಗೆ ಭೂಮಿಯಿಂದ ಲೇಸರ್ ಬಿಟ್ಟರೆ ಸುಮಾರು ಎರಡೂವರೆ ಸೆಕೆಂಡಿನಲ್ಲಿ ಬೆಳಕು ವಾಪಸ್ ಬರುತ್ತದೆ. “ಮನುಷ್ಯ ಹೋಗದೆ ಇದನ್ನ ಅಲ್ಲಿ ಇಟ್ಟೋರು ಯಾರು? ಇದೊಂದೇ ಸಾಕು ಸಾಕ್ಷಿ,” ಎಂದರು.

ಮರುದಿನ ಲಾಯರ್ ಒಂದು ಹಾಳೆ ಹಿಡಿದು ಬಂದ. ಸೋವಿಯತ್ ಒಕ್ಕೂಟ 1970ರಲ್ಲಿ, ಮತ್ತೆ 1973ರಲ್ಲಿ ಚಂದ್ರನಿಗೆ ಕಳಿಸಿದ ಲೂನಾಖೋದ್ ಎಂಬ ಗಾಲಿಬಂಡಿಗಳ ಮೇಲೂ ಫ್ರಾನ್ಸಿನಲ್ಲಿ ಮಾಡಿದ ಇಂಥದೇ ಪ್ರತಿಫಲಕಗಳಿದ್ದವು. ಅವುಗಳಲ್ಲಿ ಮನುಷ್ಯರಿರಲಿಲ್ಲ. “ಮಿಷಿನ್ನೇ ಇಡ್ಬೋದು ಅಂದ್ಮೇಲೆ ಇದು ಸಾಕ್ಷಿ ಹೆಂಗಾಯ್ತು ಸಾರ್?”

ಹುಡುಗ ಹೇಳಿದ್ದು ಸರಿಯಾಗಿತ್ತು. 1962ರಲ್ಲೇ, ಯಾವ ಪ್ರತಿಫಲಕವೂ ಇಲ್ಲದಾಗ, ಚಂದ್ರನ ಬರಿಯ ನೆಲಕ್ಕೇ ಲೇಸರ್ ತಾಗಿಸಿ ವಾಪಸ್ ಪಡೆದದ್ದೂ ಉಂಟು. ಪ್ರತಿಫಲಕ ಆ ಜಾಗಕ್ಕೆ ಒಂದು ನೌಕೆ ಹೋಗಿತ್ತು ಎಂಬುದಕ್ಕೆ ಪುರಾವೆ, ಅದರೊಳಗೆ ಮನುಷ್ಯರಿದ್ದರು ಎಂಬುದಕ್ಕಲ್ಲ. ಒಂದು ಸಾಕ್ಷಿ ಎಷ್ಟು ಭಾರ ಹೊರುತ್ತದೋ ಅಷ್ಟನ್ನೇ ಹೊರಿಸಬೇಕಿತ್ತು. ‘ಇದೊಂದೇ ಸಾಕು’ ಎಂದದ್ದರಿಂದ ಆ ಒಂದು ಅಲ್ಲಾಡಿದಾಗ ಮಿಕ್ಕ ಮೂವತ್ತು ಸ್ಲೈಡೂ ಜೊತೆಗೆ ಬಿದ್ದವು. ನಿಜವಾಗಿ ತೂಕವಿದ್ದದ್ದು ಆ ಸ್ಲೈಡುಗಳ ನಡುವೆ ಹುದುಗಿತ್ತು. ಅಪೊಲೊದ ಆರು ಯಾತ್ರೆಗಳಿಂದ ಬಂದ ಕಲ್ಲು ಮಣ್ಣು ಒಟ್ಟು 382 ಕೆ.ಜಿ. ಯಂತ್ರ ಮಾತ್ರ ಕಳಿಸಿ ಸೋವಿಯತ್ ಒಕ್ಕೂಟ ಲೂನಾ-16ರಲ್ಲಿ ತಂದದ್ದು ಸುಮಾರು ನೂರು ಗ್ರಾಂ, ಲೂನಾ-24ರಲ್ಲಿ ಸುಮಾರು 170 ಗ್ರಾಂ. ಚೀನಾದ ಚಾಂಗ್’ಎ-5 2020ರಲ್ಲಿ ತಂದದ್ದೂ 1.7 ಕೆ.ಜಿ.ಯಷ್ಟೇ. ‘ಮಿಷಿನ್ನೇ ತಂದಿರಬಹುದು’ ಎಂಬ ವಾದ ಈ ಲೆಕ್ಕದ ಮುಂದೆ ಏದುಸಿರು ಬಿಡುತ್ತದೆ. ಆದರೆ ಆ ಹೊತ್ತಿಗೆ ಕೇಳುವ ಕಿವಿಗಳು ಮುಚ್ಚಿದ್ದವು.

ಮೇಷ್ಟ್ರು ಮಾಡಿದ ಒಳ್ಳೆಯ ಕೆಲಸವೆಂದರೆ ತಪ್ಪನ್ನು ಒಪ್ಪಿಕೊಂಡದ್ದು. ಬೋರ್ಡಿನ ಮೇಲೆ ‘ಪ್ರತಿಫಲಕ’ ಎಂದು ಬರೆದು, ಎದುರಿಗೆ ‘ದುರ್ಬಲ’ ಎಂದು ಬರೆದರು. ಆ ಪದ ಮುಂದೆ ಉಪಯೋಗಕ್ಕೆ ಬಂತು.

ವಿದುರಾಶ್ವತ್ಥದ ಪ್ರಶ್ನೆ

ತಿರುವು ಬಂದದ್ದು ವಿಜ್ಞಾನದ ಪಿರಿಯಡ್ಡಿನಲ್ಲಲ್ಲ, ಸಮಾಜದ ಪಾಠದಲ್ಲಿ. 1938ರ ಏಪ್ರಿಲ್ 25ರಂದು ಪಕ್ಕದ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದ್ದು ಆ ಕಡೆಯ ಪ್ರತಿ ಮನೆಗೂ ಗೊತ್ತಿರುವ ಸಂಗತಿ. ಸರ್ಕಾರ ಹೇಳಿದ ಸಾವಿನ ಲೆಕ್ಕ ಹತ್ತರ ಆಸುಪಾಸು, ಜನ ಹೇಳುವುದು ಮೂವತ್ತಕ್ಕೂ ಹೆಚ್ಚು. ಪಾಠದ ನಡುವೆ ಒಬ್ಬ ಹುಡುಗಿ ಕೇಳಿದಳು: “ಮಿಸ್, ನಮ್ಮೂರ್ ಪಕ್ಕದಲ್ಲೇ ಸರ್ಕಾರ ಲೆಕ್ಕ ಮುಚ್ಚಿಡ್ತು ಅಂತೀರ. ಅಮೆರಿಕದೋರು ಮಾತ್ರ ಯಾಕ್ ಮುಚ್ಚಿಡಲ್ಲ?”

ಇದಕ್ಕೆ ‘ಕೂತ್ಕೋ’ ಎನ್ನುವುದು ಸಾಧ್ಯವಿರಲಿಲ್ಲ. ಶಿಕ್ಷಕಿ ಅಂದು ಉತ್ತರ ಕೊಡಲಿಲ್ಲ. ಪ್ರಶ್ನೆಯನ್ನೇ ತಿರುಗಿಸಿ ಮನೆಗೆ ಕಳಿಸಿದರು: ಮುಚ್ಚಿಟ್ಟದ್ದು ನಮಗೆ ಗೊತ್ತಾದದ್ದು ಹೇಗೆ? ಮಕ್ಕಳು ಎರಡು ದಿನದಲ್ಲಿ ತಂದ ಉತ್ತರಗಳು ಹೀಗಿದ್ದವು. ಸತ್ತವರ ಹೆಸರುಗಳಿವೆ, ಆ ಮನೆಯವರು ಈಗಲೂ ಇದ್ದಾರೆ. ಗಾಯಗೊಂಡು ಬದುಕಿದವರು ಹೇಳಿದ್ದಾರೆ. ಸರ್ಕಾರದ ಕೈಕೆಳಗಿಲ್ಲದ ಕಾಂಗ್ರೆಸ್ಸಿನವರು ಬಂದು ವಿಚಾರಿಸಿದ್ದಾರೆ. ಸುದ್ದಿ ಗಾಂಧೀಜಿಯವರೆಗೂ ಮುಟ್ಟಿದೆ. ಮುಂದಿನ ತಿಂಗಳೇ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಕಾಂಗ್ರೆಸ್ಸಿನ ಸರ್ದಾರ್ ಪಟೇಲರೊಂದಿಗೆ ಒಪ್ಪಂದಕ್ಕೆ ಬರಬೇಕಾಗಿದೆ. ಅಂದರೆ ಸುಳ್ಳು ಲೆಕ್ಕವನ್ನು ಬಯಲು ಮಾಡಿದ್ದು ಬರಿಯ ಗುಮಾನಿಯಲ್ಲ, ಸರ್ಕಾರದ ಹಿಡಿತದ ಆಚೆ ಇದ್ದ ಬೇರೆ ಬೇರೆ ಬಾಯಿಗಳು.

ಆ ಬಳಿಕ ಬೋರ್ಡಿನ ಮೇಲೆ ಬಂದ ಪ್ರಶ್ನೆಯೇ ಇಡೀ ಪ್ರಕರಣದ ದಿಕ್ಕು ಬದಲಿಸಿತು: ಚಂದ್ರನ ವಿಷಯದಲ್ಲಿ ನಾಸಾದ ಹಿಡಿತದ ಆಚೆ ಇರುವ ಬಾಯಿಗಳು ಯಾವುವು?

ಚೀಟಿ ಪದ್ಧತಿ

ಇಬ್ಬರು ಶಿಕ್ಷಕರೂ ಸೇರಿ ಜನವರಿಯಲ್ಲಿ ಒಂದು ನಿಯಮ ಮಾಡಿದರು. ಇನ್ನು ಚರ್ಚೆ ಇಲ್ಲ, ಚೀಟಿ. ಎ4 ಹಾಳೆಯ ಅರ್ಧದಲ್ಲಿ ನಾಲ್ಕು ಮನೆ: ಹೇಳಿಕೆ ಏನು, ಯಾವ ಚಿತ್ರ ಅಥವಾ ದಾಖಲೆಯ ಮೇಲೆ ನಿಂತಿದೆ, ಹೇಗೆ ಪರೀಕ್ಷೆ ಮಾಡುತ್ತೀರಿ, ಏನು ಕಂಡರೆ ನಿಮ್ಮ ಮಾತು ಬಿಡುತ್ತೀರಿ. ನಾಲ್ಕನೆಯದಕ್ಕೆ ಮಕ್ಕಳು ಇಟ್ಟ ಹೆಸರು ‘ಏನ್ ಕಂಡ್ರೆ ಒಪ್ಕೊತೀನಿ’. ಅದನ್ನು ಪರೀಕ್ಷೆಗೆ ಮೊದಲೇ ತುಂಬಿ ಸಹಿ ಹಾಕಬೇಕು, ಆಮೇಲೆ ತಿದ್ದುವಂತಿಲ್ಲ. ಪರೀಕ್ಷೆ ಮುಗಿದ ಮೇಲೆ ಮೂರರಲ್ಲಿ ಒಂದು ಗುರುತು: ‘ಗಟ್ಟಿ’, ‘ದುರ್ಬಲ’, ‘ಬಾಕಿ’. ಒಂದು ಚೀಟಿಗೆ ಒಂದೇ ಹೇಳಿಕೆ. ಬಾವುಟದಲ್ಲಿ ಸೋತು ನೆರಳಿಗೆ ಹಾರುವುದು ಇದರಿಂದ ನಿಂತಿತು.

ಒಪ್ಪುವವರೂ ಚೀಟಿ ಬರೆಯಬೇಕೆಂಬ ನಿಯಮ ಮೊದಲ ವಾರ ಇರಲಿಲ್ಲ. “ನಮಗ್ ಮಾತ್ರ ಯಾಕೆ ಪರೀಕ್ಷೆ?” ಎಂದು ಲಾಯರ್ ತಕರಾರು ತೆಗೆದ ಮೇಲೆ ಸೇರಿತು. ತಕರಾರು ನ್ಯಾಯವಾದದ್ದೇ.

ನೆರಳು. ಬೇಕಾದದ್ದು ಒಂದು ಮೀಟರಿನ ಐದು ಬಿದಿರು ಕೋಲು, ಕಟ್ಟಡ ಕೆಲಸದಲ್ಲಿ ಮಿಕ್ಕ ಮರಳು ಗುಡ್ಡೆ, ಒಂದು ಮೊಬೈಲು. ಮೊದಲ ದಿನ ಹನ್ನೊಂದೂವರೆಗೆ ಮಾಡಿದರು. ನೆರಳೇ ಗಿಡ್ಡ, ಏನೂ ಗೊತ್ತಾಗಲಿಲ್ಲ. ಅಪೊಲೊ 11 ಇಳಿದಾಗ ಅಲ್ಲಿ ಸೂರ್ಯ ದಿಗಂತದಿಂದ ಬರೀ 11 ಡಿಗ್ರಿಯಷ್ಟು ಮೇಲಿದ್ದ, ಆ ಚಿತ್ರಗಳಲ್ಲಿ ನೆರಳುಗಳು ಅಷ್ಟುದ್ದ ಇರುವುದು ಅದಕ್ಕೇ. ಹಾಗಾಗಿ ಬೆಳಿಗ್ಗೆ ಏಳೂವರೆಗೆ, ಸೂರ್ಯ ಹುಟ್ಟಿ ಮುಕ್ಕಾಲು ಗಂಟೆಯಾದಾಗ ಮಾಡಬೇಕು. ಆಗ ಒಂದು ಮೀಟರ್ ಕೋಲಿಗೆ ಐದು ಮೀಟರ್ ನೆರಳು. ಮಟ್ಟಸ ನೆಲದ ಮೇಲೆ ಮೂರು, ಮರಳು ಗುಡ್ಡೆಯ ಇಳಿಜಾರಿನಲ್ಲಿ ಎರಡು ಕೋಲು ನೆಟ್ಟರು. ತಾರಸಿಯಿಂದ ತೆಗೆದ ಚಿತ್ರದಲ್ಲಿ ಮಟ್ಟಸ ನೆಲದ ನೆರಳುಗಳು ಸಮಾನಾಂತರ. ಅದೇ ನೆರಳುಗಳನ್ನು ಮಂಡಿಯೆತ್ತರದಿಂದ, ಅಗಲ ಲೆನ್ಸಿನಲ್ಲಿ ತೆಗೆದಾಗ ರೈಲು ಹಳಿಯಂತೆ ದೂರದಲ್ಲಿ ಕೂಡಿಕೊಳ್ಳುವಂತೆ ಕಂಡವು. ಮರಳಿನ ಮೇಲಿನವು ಇನ್ನೊಂದೇ ಕಡೆಗೆ ವಾಲಿದ್ದವು. ಲಾಯರ್ ತನ್ನ ಚೀಟಿಯಲ್ಲಿ ‘ಒಂದೇ ಸೂರ್ಯನಲ್ಲಿ ನೆರಳು ಓರೆ ಬಿದ್ರೆ ಒಪ್ಕೊತೀನಿ’ ಎಂದು ಬರೆದಿದ್ದ. ಮಾತು ಉಳಿಸಿಕೊಂಡ.

ಸ್ಟುಡಿಯೊ ದೀಪದ ವಾದವನ್ನೂ ಅವತ್ತೇ ಸಂಜೆ ಮುಗಿಸಿದರು. ಎರಡು ಬೈಕುಗಳನ್ನು ಹತ್ತು ಅಡಿ ಅಂತರದಲ್ಲಿ ನಿಲ್ಲಿಸಿ ಹೆಡ್‌ಲೈಟ್ ಹಾಕಿದರೆ ಪ್ರತಿ ಕೋಲಿಗೂ ಎರಡೆರಡು ನೆರಳು. ಅಪೊಲೊ ಚಿತ್ರಗಳಲ್ಲಿ ಒಂದೊಂದು ವಸ್ತುವಿಗೂ ಒಂದೇ ನೆರಳು. ಗುರುತು: ‘ಗಟ್ಟಿ’.

ನಕ್ಷತ್ರ. ಇದು ಮೊದಲ ರಾತ್ರಿ ಪೂರಾ ಕೈಕೊಟ್ಟಿತು. ಬಿಳಿ ಅಂಗಿ ತೊಟ್ಟ ಹುಡುಗನನ್ನು 50 ವಾಟ್ ಎಲ್ಇಡಿ ಫ್ಲಡ್‌ಲೈಟಿನ ಮುಂದೆ ನಿಲ್ಲಿಸಿ ಫೋಟೊ ತೆಗೆದರೆ ಹುಡುಗನೂ ಚೆನ್ನಾಗಿ ಬಂದ, ಹಿಂದೆ ನಕ್ಷತ್ರಗಳೂ ಬಂದವು! ವಿರೋಧ ಪಕ್ಷದಲ್ಲಿ ಹಬ್ಬ. ಆಗಿದ್ದು ಇಷ್ಟು: ಈಗಿನ ಫೋನುಗಳ ನೈಟ್ ಮೋಡ್ ಒಂದು ಫೋಟೊ ತೆಗೆಯುವುದಿಲ್ಲ, ಬೇರೆ ಬೇರೆ ಬೆಳಕಿನ ಅಳತೆಯಲ್ಲಿ ಹಲವು ತೆಗೆದು ಒಟ್ಟು ಸೇರಿಸುತ್ತದೆ. ಫಿಲ್ಮ್ ಕ್ಯಾಮೆರಾ ಹಾಗೆ ಮಾಡಲಾರದು. ಎರಡನೇ ರಾತ್ರಿ ನೈಟ್ ಮೋಡ್ ಆರಿಸಿ ಪ್ರೊ ಮೋಡಿಗೆ ಹೋದರು. ಫೋನನ್ನು ಎರಡು ಇಟ್ಟಿಗೆಗಳ ನಡುವೆ ಬಿಗಿಸಿ, ಬೆರಳು ತಾಗಿ ಅಲುಗದಂತೆ ಎರಡು ಸೆಕೆಂಡಿನ ಟೈಮರ್ ಇಟ್ಟರು. ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 100, ಶಟರ್ ತೆರೆದಿದ್ದ ಹೊತ್ತು 1/60 ಸೆಕೆಂಡು: ಹುಡುಗ ಸ್ಪಷ್ಟ, ಆಕಾಶ ಕಡುಗಪ್ಪು. ಐಎಸ್ಒ 800, ಶಟರ್ 10 ಸೆಕೆಂಡು: ಮಹಾವ್ಯಾಧನ ಮೂರು ನಕ್ಷತ್ರ ಲಕ್ಷಣವಾಗಿ ಬಂದವು, ಹುಡುಗ ಇದ್ದ ಜಾಗದಲ್ಲಿ ಬರೀ ಬಿಳಿ ಮುದ್ದೆ. ಚಂದ್ರನ ಮೇಲೆ ಹಗಲಿನಲ್ಲಿ, ಹೊಳೆಯುವ ಬಿಳಿ ಉಡುಪಿನವರನ್ನು ತೆಗೆಯಲು ಅಪೊಲೊದವರು ಹ್ಯಾಸಲ್‌ಬ್ಲಾಡ್ ಕ್ಯಾಮೆರಾವನ್ನು ಸಾಮಾನ್ಯವಾಗಿ 1/250 ಸೆಕೆಂಡಿಗೆ ಇಟ್ಟಿರುತ್ತಿದ್ದರು. ನಕ್ಷತ್ರವನ್ನೇ ತೆಗೆಯಬೇಕೆಂದು 1972ರಲ್ಲಿ ಅಪೊಲೊ 16 ಬೇರೊಂದು ಅತಿನೇರಳೆ ಕ್ಯಾಮೆರಾ ಒಯ್ದಿತ್ತು. ಆ ಚಿತ್ರಗಳಲ್ಲಿ ನಕ್ಷತ್ರಗಳಿವೆ.

ಮೊದಲ ರಾತ್ರಿಯ ಸೋಲನ್ನು ಮುಚ್ಚಿಡದೆ ಎರಡೂ ರಾತ್ರಿಯ ಚಿತ್ರಗಳನ್ನು ಅಕ್ಕಪಕ್ಕ ಅಂಟಿಸಿದ್ದು ಶಿಕ್ಷಕರ ಮೇಲಿನ ನಂಬಿಕೆಗೆ ಮಾಡಿದ ಉಪಕಾರವನ್ನು ಸ್ಲೈಡುಗಳೆಲ್ಲ ಸೇರಿ ಮಾಡಿರಲಿಲ್ಲ.

ಬಾವುಟ. ಪಕ್ಕದ ಪಿಯು ಕಾಲೇಜಿನಿಂದ ಬೆಲ್ ಜಾರ್, ಕೈಪಂಪು ತಂದರು. ಸೈಕಲ್ ಕಡ್ಡಿಯೊಂದಕ್ಕೆ ಅಂಗೈಯಗಲದ ಬಟ್ಟೆ ಕಟ್ಟಿ ಒಳಗಿಟ್ಟು, ಅಂಚಿಗೆ ವ್ಯಾಸಲೀನ್ ಸವರಿ ಗಾಳಿ ಎಳೆದರು. ಒಳಗಿನ ಬಟ್ಟೆಯನ್ನು ಅಲ್ಲಾಡಿಸಲು ಕೈ ಹೋಗುವುದಿಲ್ಲ, ಹಲಗೆಯನ್ನೇ ಒಮ್ಮೆ ವಾಲಿಸಿ ಬಿಡಬೇಕು. ಗಾಳಿ ಇದ್ದಾಗ ನಾಲ್ಕೈದು ತೂಗಿಗೆ ನಿಲ್ಲುತ್ತಿದ್ದ ಬಟ್ಟೆ ಗಾಳಿ ಎಳೆದ ಮೇಲೆ ಏಳೆಂಟು ತೂಗಿತು. ವ್ಯತ್ಯಾಸ ಇದೆ, ಕಣ್ಣಿಗೆ ಹೊಡೆಯುವಷ್ಟಿಲ್ಲ. ರಬ್ಬರ್ ಹಾಸು ಬಿರುಕು ಬಿಟ್ಟು ಗಾಳಿ ನುಗ್ಗುತ್ತಿತ್ತು, ಕಟ್ಟಿದ ದಾರದ ತಿಕ್ಕಾಟವೂ ತೂಗನ್ನು ತಿನ್ನುತ್ತಿತ್ತು. ಗುರುತು: ‘ದುರ್ಬಲ’.

ಅದೇ ಪ್ರಶ್ನೆಯನ್ನು ಒಂದು ಪೈಸೆ ಖರ್ಚಿಲ್ಲದೆ ಬಗೆಹರಿಸಿದ್ದು ಎರಡು ಫೋಟೊಗಳು. ಆರ್ಮ್‌ಸ್ಟ್ರಾಂಗ್ ಜೊತೆ ಇಳಿದಿದ್ದ ಆಲ್ಡ್ರಿನ್ ಬಾವುಟಕ್ಕೆ ವಂದಿಸುವ ಚಿತ್ರದ ಬೆನ್ನಿಗೇ, ಕೆಲವೇ ಸೆಕೆಂಡು ಬಿಟ್ಟು ತೆಗೆದ ಇನ್ನೊಂದು ಚಿತ್ರವಿದೆ. ಕೈ ಇಳಿದಿದೆ, ದೇಹ ಸ್ವಲ್ಪ ತಿರುಗಿದೆ, ಬಾವುಟದ ಮಡಿಕೆಗಳು ಮಾತ್ರ ಇದ್ದಂತೆಯೇ ಇವೆ. ಎರಡನ್ನೂ ಒಂದೇ ಅಳತೆಗೆ ಮುದ್ರಿಸಿ ಕಿಟಕಿ ಗಾಜಿಗೆ ಒಂದರ ಮೇಲೊಂದು ಹಿಡಿದರು. ಆಮೇಲೆ ಶಾಲೆಯ ಅಂಗಳದಲ್ಲಿ ಕೋಲಿಗೆ ಟವೆಲ್ ಕಟ್ಟಿ ಐದು ಸೆಕೆಂಡಿಗೊಂದರಂತೆ ಇಪ್ಪತ್ತು ಫೋಟೊ ತೆಗೆದರೆ ಯಾವ ಎರಡೂ ಹೊಂದಲಿಲ್ಲ. ಚಂದ್ರನ ಬಾವುಟ ಗಾಳಿಗೆ ಹಾರುತ್ತಿಲ್ಲ, ಮೇಲಂಚಿನಲ್ಲಿ ಅಡ್ಡ ಸರಳಿದೆ. ಅಪೊಲೊ 11ರಲ್ಲಿ ಆ ಸರಳು ಪೂರ್ತಿ ಹೊರಗೆ ಎಳೆಯಲಾಗದೆ ಬಟ್ಟೆ ನೆರಿಗೆ ನೆರಿಗೆಯಾಗಿ ನಿಂತಿತು.

ಆಚೆಯ ಬಾಯಿಗಳು

ಸಮಾಜದ ಶಿಕ್ಷಕಿ ಎತ್ತಿದ್ದ ಪ್ರಶ್ನೆಗೆ ಕಂಪ್ಯೂಟರ್ ಲ್ಯಾಬಿನಲ್ಲಿ ಸ್ಟೆಲ್ಲೇರಿಯಂ ಎಂಬ ಉಚಿತ ತಂತ್ರಾಂಶ ಸಹಾಯಕ್ಕೆ ಬಂತು. ಆರ್ಮ್‌ಸ್ಟ್ರಾಂಗ್ ಕಾಲಿಟ್ಟದ್ದು ಭಾರತದ ಗಡಿಯಾರದಲ್ಲಿ 1969ರ ಜುಲೈ 21, ಸೋಮವಾರ ಬೆಳಿಗ್ಗೆ 8 ಗಂಟೆ 26 ನಿಮಿಷಕ್ಕೆ. ಸ್ಥಳ ಗೌರಿಬಿದನೂರು ಎಂದು ಇಟ್ಟರೆ ಆ ಹೊತ್ತಿಗೆ ಚಂದ್ರ ದಿಗಂತದ ಕೆಳಗೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಎಂದು ಇಟ್ಟರೆ ಪೂರ್ವದಲ್ಲಿ ಆಗಲೇ ಮೇಲೆದ್ದಿದ್ದಾನೆ. ಆ ಹೆಜ್ಜೆಯ ಟಿ.ವಿ. ಚಿತ್ರವನ್ನು ಹಿಡಿದದ್ದೂ ಕ್ಯಾನ್‌ಬೆರಾ ಹತ್ತಿರದ ಹನಿಸಕಲ್ ಕ್ರೀಕ್ ಕೇಂದ್ರ, ಆಮೇಲೆ ಪಾರ್ಕ್ಸ್‌ನ 64 ಮೀಟರ್ ಅಗಲದ ಬುಟ್ಟಿಯಂಥ ಆಂಟೆನಾ. ಇಲ್ಲಿ ಎಡವುವುದು ಒಂದೇ ಕಡೆ, ಕಾಲವಲಯ: ತಂತ್ರಾಂಶ ಸ್ಥಳದ ಜೊತೆಗೆ ಗಡಿಯಾರವನ್ನೂ ಬದಲಿಸುತ್ತದೆ, ಹಾಗಾಗಿ ಕ್ಯಾನ್‌ಬೆರಾದಲ್ಲಿ ಮಧ್ಯಾಹ್ನ 12.56 ಎಂದು ಇಡಬೇಕು. ಮೊದಲ ಸಲ ಅರ್ಧ ತರಗತಿ 8.26 ಎಂದೇ ಇಟ್ಟು ಚಂದ್ರನನ್ನು ನೆಲದಡಿಯಲ್ಲಿ ಹುಡುಕಿತು.

ಆಂಟೆನಾ ನೋಡಿದ ದಿಕ್ಕಿನಿಂದಷ್ಟೇ ಸಂಕೇತ ಹಿಡಿಯುತ್ತದೆ ಎಂಬುದು ಈ ಮಕ್ಕಳಿಗೆ ದೂರದ ವಿಷಯವಲ್ಲ. ಗೌರಿಬಿದನೂರಿನ ಬಯಲಿನಲ್ಲಿ ಆಂಟೆನಾಗಳ ಸಾಲೇ ಇರುವ ರೇಡಿಯೊ ದೂರದರ್ಶಕವಿದೆ. ಅದೇ ತಾಲ್ಲೂಕಿನಲ್ಲಿ, ಬೇರೆ ದೇಶಗಳು ನೆಲದಡಿ ನಡೆಸುವ ಅಣುಸ್ಫೋಟವನ್ನು ಇಲ್ಲಿಂದಲೇ ಪತ್ತೆ ಹಚ್ಚುವ ಭೂಕಂಪ ಮಾಪಕಗಳ ಜಾಲವೂ 1960ರ ದಶಕದಿಂದ ಇದೆ. ಬಾಂಬ್ ಸಿಡಿಸಿದವರು ಬಾಯಿ ಬಿಡದಿದ್ದರೂ ಗೌರಿಬಿದನೂರಿಗೆ ಗೊತ್ತಾಗುತ್ತದೆ ಎಂದ ಮೇಲೆ, ಚಂದ್ರನ ದಿಕ್ಕಿನಿಂದ ಬರದ ಸಂಕೇತ ಜಗತ್ತಿನ ಬೇರೆ ಕಿವಿಗಳಿಗೆ ತಿಳಿಯದೇ ಇದ್ದೀತೇ ಎಂಬ ಮಾತು ಸಲೀಸಾಗಿ ಇಳಿಯಿತು. ಇಂಗ್ಲೆಂಡಿನ ಜೊಡ್ರೆಲ್ ಬ್ಯಾಂಕ್ ವೀಕ್ಷಣಾಲಯ ಅದೇ ಹೊತ್ತಿನಲ್ಲಿ ಅಪೊಲೊವನ್ನೂ ಸೋವಿಯತ್‌ನವರ ಲೂನಾ-15 ಅನ್ನೂ ಹಿಂಬಾಲಿಸುತ್ತಿತ್ತು. ಲೂನಾ-15, ಅಪೊಲೊ 11ರ ಇಳಿನೌಕೆ ಈಗಲ್ ಚಂದ್ರನಿಂದ ಮೇಲೇಳುವ ಸುಮಾರು ಎರಡು ಗಂಟೆ ಮೊದಲು ಚಂದ್ರನಿಗೆ ಅಪ್ಪಳಿಸಿತು.

“ಖಾಲಿ ನೌಕೆ ಕಳ್ಸಿ ಅದ್ರಿಂದ ರೆಕಾರ್ಡ್ ಮಾಡಿದ್ದ ವಿಡಿಯೊ ಬಿಟ್ಟಿರ್ಬೋದಲ್ಲ?” ಎಂದ ಲಾಯರ್. ದಿಕ್ಕಿನ ಸಾಕ್ಷಿಯೊಂದರಿಂದಲೇ ಇದಕ್ಕೆ ಉತ್ತರವಿಲ್ಲ ಎಂದು ಮೇಷ್ಟ್ರು ಒಪ್ಪಿದರು. ಬದಲಿಗೆ ಗೋಡೆಯ ಮೇಲೆ ಒಂದು ಉದ್ದ ಹಾಳೆ ಅಂಟಿಸಿ, ಪ್ರತಿ ಹೊಸ ‘ಇರ್ಬೋದಲ್ಲ’ಕ್ಕೂ ಸಂಚಿನಲ್ಲಿ ಇನ್ನು ಯಾರು ಯಾರು ಸೇರಬೇಕಾಗುತ್ತದೆ ಎಂದು ಬರೆಸತೊಡಗಿದರು. ಯೋಜನೆಯಲ್ಲಿ ದುಡಿದ ಸುಮಾರು 4 ಲಕ್ಷ ಜನ, ಆಸ್ಟ್ರೇಲಿಯಾದ ತಂತ್ರಜ್ಞರು, ಇಂಗ್ಲೆಂಡಿನ ವೀಕ್ಷಣಾಲಯ, ಸೋತ ಸೋವಿಯತ್ ಒಕ್ಕೂಟ, ಕಲ್ಲು ಪರೀಕ್ಷಿಸಿದ ಬೇರೆ ಬೇರೆ ದೇಶದ ಭೂವಿಜ್ಞಾನಿಗಳು. ಕೊನೆಗೆ ಇಸ್ರೋ ಕೂಡ ಸೇರಬೇಕಾಯಿತು, ಏಕೆಂದರೆ ಚಂದ್ರಯಾನ-2ರ ಕ್ಯಾಮೆರಾ ಅಪೊಲೊ 11 ಇಳಿದ ಜಾಗದ ಚಿತ್ರ ತೆಗೆದಿದೆ.

ತರಗತಿಯಲ್ಲಿ ಅತಿ ಹೆಚ್ಚು ಮನಸ್ಸು ತಿರುಗಿಸಿದ್ದು ಈ ಕೊನೆಯ ಹೆಸರೇ. ಅದಕ್ಕೆ ಖುಷಿಪಡುವಂತಿಲ್ಲ. ಮಕ್ಕಳು ಒಪ್ಪಿದ್ದು ಚಿತ್ರ ನೋಡಿಯಲ್ಲ, ತೆಗೆದವರು ನಮ್ಮವರು ಎಂದು. ಇಂದು ನಮ್ಮವರೆಂದು ಒಪ್ಪಿದವರು ನಾಳೆ ನಮ್ಮವರಲ್ಲವೆಂದು ತಳ್ಳಿಹಾಕಿಯಾರು.

ಆದದ್ದು

ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಚೀಟಿಗಳೆಲ್ಲ ಗೋಡೆಯ ಮೇಲೆ ಬಂದವು. ಮತ್ತೆ ಕೈ ಎತ್ತಿಸಲಿಲ್ಲ. ಇದು ಬೇಕೆಂದೇ ಮಾಡಿದ ನಿರ್ಧಾರ, ಸರಿಯಾದ ನಿರ್ಧಾರ. ಕೈ ಎತ್ತದೆ ಮನಸ್ಸು ಬದಲಿಸಿಕೊಳ್ಳುವ ದಾರಿ ಮಕ್ಕಳಿಗೆ ತೆರೆದಿತ್ತು. ಚೀಟಿಗಳನ್ನು ಓದಿದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ತಮ್ಮ ಹೇಳಿಕೆ ಬಿಟ್ಟುಕೊಟ್ಟಿದ್ದರು. ಕೆಲವರು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದಿದ್ದರು. ಇಬ್ಬರು ಮೂವರು ಚೀಟಿ ಬರೆಯಲೇ ಇಲ್ಲ, ಅವರ ಮೇಲೆ ಯಾವ ಪರಿಣಾಮವೂ ಆಗಲಿಲ್ಲ. ಪೋಷಕರೊಬ್ಬರು ಬಂದು, ಎಸ್ಸೆಸ್ಸೆಲ್ಸಿಗೆ ಬರದ ವಿಷಯಕ್ಕೆ ಇಷ್ಟು ದಿನ ಯಾಕೆ ಎಂದು ಕೇಳಿಹೋದರು. ಸಮಯದ ಲೆಕ್ಕದಲ್ಲಿ ಅವರ ಆಕ್ಷೇಪ ಪೂರ್ತಿ ತಪ್ಪಲ್ಲ: ಒಂದು ಚೀಟಿಗೆ ಸರಾಸರಿ ಎರಡು ಪಿರಿಯಡ್ ಹಿಡಿದಿತ್ತು. ಬೇರೆ ಶಾಲೆಯವರು ಮಾಡುವುದಾದರೆ ನೆರಳು, ಎರಡು ಫೋಟೊ, ಸ್ಟೆಲ್ಲೇರಿಯಂ ಈ ಮೂರು ಸಾಕು. ಬೆಲ್ ಜಾರ್ ಬಿಟ್ಟರೆ ನಷ್ಟವಿಲ್ಲ.

ಲಾಯರ್ ಕೈಯಲ್ಲಿ ಕೊನೆಗೂ ಉಳಿದದ್ದು ‘ಮತ್ತೆ ಯಾಕ್ ಹೋಗ್ಲಿಲ್ಲ’ ಎಂಬ ಚೀಟಿ. 1972ರ ಡಿಸೆಂಬರಿನ ಅಪೊಲೊ 17ರ ನಂತರದ ಮೂರು ಯಾತ್ರೆಗಳನ್ನು ದುಡ್ಡಿನ ಕಾರಣಕ್ಕೆ 1970ರಲ್ಲೇ ರದ್ದು ಮಾಡಿದ್ದರೆಂಬ ಉತ್ತರವನ್ನು ಅವನು ಬರೆದುಕೊಂಡ, ಪೂರ್ತಿ ಒಪ್ಪಲಿಲ್ಲ.

ಜೂನಿನಲ್ಲಿ ಹತ್ತನೇ ತರಗತಿಗೆ ಬಂದವನೇ ಹೊಸ ಚೀಟಿ ತಂದ. 1945ರ ಆಗಸ್ಟ್ 18ರಂದು ತೈವಾನಿನ ತೈಹೊಕುವಿನಲ್ಲಿ ವಿಮಾನ ಬಿದ್ದು ನೇತಾಜಿ ತೀರಿಕೊಂಡರೇ? ಇದು ಚಂದ್ರನಷ್ಟು ಸಲೀಸಲ್ಲ ಎಂದು ಸಮಾಜದ ಶಿಕ್ಷಕಿ ಮೊದಲೇ ಹೇಳಿದರು. ಕೋಲು ನೆಟ್ಟು ನೆರಳು ಅಳೆಯುವಂಥದ್ದೇನೂ ಇಲ್ಲಿಲ್ಲ, ಇರುವುದು ಹೇಳಿಕೆಗಳು. 1956ರಲ್ಲಿ ಶಾ ನವಾಜ್ ಸಮಿತಿ ಹೌದು ಎಂದಿತು, ಅದರ ಸದಸ್ಯರೇ ಆಗಿದ್ದ ನೇತಾಜಿಯ ಅಣ್ಣ ಸುರೇಶ್‌ಚಂದ್ರ ಬೋಸ್ ಒಪ್ಪಲಿಲ್ಲ. 1974ರಲ್ಲಿ ಖೋಸ್ಲಾ ಆಯೋಗವೂ ಹೌದು ಎಂದಿತು. 2005ರಲ್ಲಿ ವರದಿ ಕೊಟ್ಟ ಮುಖರ್ಜಿ ಆಯೋಗ ಅಲ್ಲ ಎಂದಿತು, ಸರ್ಕಾರ ಆ ವರದಿಯನ್ನು ತಿರಸ್ಕರಿಸಿತು. ಅಂದು ಅಪಘಾತವಾದ ದಾಖಲೆ ತಮ್ಮಲ್ಲಿಲ್ಲ ಎಂದು ತೈವಾನ್ ಹೇಳಿದ್ದನ್ನು ಲಾಯರ್ ಎರಡನೇ ಮನೆಯಲ್ಲಿ ಬರೆದಿದ್ದ. ಪಕ್ಕದ ಬೆಂಚಿನ ಹುಡುಗಿ, ವಿದುರಾಶ್ವತ್ಥದ ಪ್ರಶ್ನೆ ಕೇಳಿದ್ದವಳು, ಅದರ ಪಕ್ಕದಲ್ಲೇ ಪೆನ್ಸಿಲಿನಲ್ಲಿ ಸೇರಿಸಿದಳು: ‘ಆಗ ತೈವಾನ್ ಜಪಾನಿನ ಕೈಯಲ್ಲಿತ್ತು. ದಾಖಲೆ ಇರ್ಬೇಕಾದ್ದು ಯಾರ ಹತ್ರ?’

‘ಏನ್ ಕಂಡ್ರೆ ಒಪ್ಕೊತೀನಿ’ ಎಂಬ ಮನೆಯಲ್ಲಿ ಅವನು ಬರೆದದ್ದು: ‘ಟೋಕಿಯೊದ ರೆಂಕೋಜಿ ದೇವಸ್ಥಾನದಲ್ಲಿರೋ ಚಿತಾಭಸ್ಮದ ಡಿಎನ್ಎ ಪರೀಕ್ಷೆ.’ ಶಿಕ್ಷಕಿ ಅದನ್ನೋದಿ, ಸಹಿ ಹಾಕಿಸಿಕೊಂಡು, ಮೂಲೆಯಲ್ಲಿ ‘ಬಾಕಿ’ ಎಂದು ಬರೆದು ಗೋಡೆಗೆ ಹಚ್ಚಿದರು.